ವಿಲ್ಕಿನ್ಸನ್ ಕ್ಯಾಟಲಿಸ್ಟ್ ಕೆಂಪಾಗಿ ಬರಲಿಲ್ಲ, ಕೆಲಸವೂ ಅರ್ಧಕ್ಕೇ ನಿಲ್ಲುತ್ತಿದೆ: ಮಾಡಿದವರು ಅನುಭವ ಹೇಳಿ

ಪ್ರಶ್ನೆ

ಪಿಎಚ್‌ಡಿ ಸೇರಿ ಎಂಟು ತಿಂಗಳಾಯಿತು. ಹೈಡ್ರೋಜನೀಕರಣಕ್ಕೆ, ಅಂದರೆ ಜೋಡಿಬಂಧಕ್ಕೆ ಹೈಡ್ರೋಜನ್ ಸೇರಿಸಲು, ಬೇಕಾದ ವಿಲ್ಕಿನ್ಸನ್ ಕ್ಯಾಟಲಿಸ್ಟನ್ನು (ರೋಡಿಯಂ ಲೋಹದ ವೇಗವರ್ಧಕ) ನಾನೇ ಮಾಡಿಕೊಳ್ಳಬೇಕು. ರೋಡಿಯಂ ಟ್ರೈಕ್ಲೋರೈಡ್ ಹೈಡ್ರೇಟನ್ನು ಟ್ರೈಫಿನೈಲ್‌ಫಾಸ್ಫೀನ್ ಜೊತೆ ಎಥನಾಲಿನಲ್ಲಿ ಹತ್ತು ನಿಮಿಷ ರಿಫ್ಲಕ್ಸ್ (ಆವಿ ತಣಿದು ಮರಳಿ ಬೀಳುವಂತೆ ಕುದಿಸುವುದು) ಮಾಡಿದೆ. ಕಡುಗೆಂಪು ಹರಳು ಬರುತ್ತದೆಂದು ಓದಿದ್ದೆ, ಬಂದದ್ದು ಕಿತ್ತಳೆ ಪುಡಿ. ಹರಳೆಣ್ಣೆಯಿಂದ ನಾವೇ ತಯಾರಿಸಿದ ಮೀಥೈಲ್ ಅಂಡೆಸಿನೋಯೇಟ್ ಎಂಬ ಜೋಡಿಬಂಧವಿರುವ ಎಸ್ಟರ್ ಮೇಲೆ ಬಳಸಿದರೆ ಹೈಡ್ರೋಜನ್ ಹೀರಲು ಶುರುವಾಗುತ್ತದೆ, ಅರ್ಧ ಗಂಟೆಗೆ ನಿಂತೇಹೋಗುತ್ತದೆ. ದ್ರಾವಣ ಹಳದಿಯಾಗಿಯೇ ಉಳಿಯುತ್ತದೆ. ರೋಡಿಯಂ ಬೆಲೆ ನೆನೆದರೆ ಇನ್ನೊಮ್ಮೆ ಮಾಡಲು ಧೈರ್ಯವಾಗುತ್ತಿಲ್ಲ. ತಪ್ಪು ಎಲ್ಲಾಗಿರಬಹುದು?

ಉತ್ತರ 1

ಮೊದಲು ಆ ಕಿತ್ತಳೆ ಪುಡಿಯನ್ನು ಎಸೆಯಬೇಡಿ. ಈ ಸಂಯುಕ್ತಕ್ಕೆ ಎರಡು ಹರಳು ರೂಪಗಳಿವೆ, ಕೆಂಪು ಮತ್ತು ಕಿತ್ತಳೆ. ಎಥನಾಲ್ ಕಡಿಮೆಯಾಗಿ, ಕುದಿಸಿದ ಹೊತ್ತೂ ಕಡಿಮೆಯಾದರೆ ಕಿತ್ತಳೆಯೇ ಮೊದಲು ಬೀಳುತ್ತದೆ. ಇನ್ನಷ್ಟು ಹೊತ್ತು ಕುದಿಸಿದರೆ ಅದೇ ಕೆಂಪಿಗೆ ತಿರುಗುತ್ತದೆ. ಕರಗಿದ ಮೇಲೆ ಎರಡೂ ಒಂದೇ. ನಾನು 2 ಗ್ರಾಂ ರೋಡಿಯಂ ಲವಣಕ್ಕೆ 12 ಗ್ರಾಂ ಫಾಸ್ಫೀನ್, ಒಟ್ಟು 400 ಮಿಲಿಗಿಂತ ತುಸು ಹೆಚ್ಚು ಎಥನಾಲ್ ಹಾಕಿ ಅರ್ಧ ಗಂಟೆ ರಿಫ್ಲಕ್ಸ್ ಮಾಡುತ್ತೇನೆ. ಫಾಸ್ಫೀನ್ ಇಷ್ಟು ಯಾಕೆ ಎಂದು ನಾನೂ ಕೇಳಿದ್ದೆ. ಅಣುಗಳ ಲೆಕ್ಕಕ್ಕೆ ಅದು ಆರು ಪಟ್ಟು: ಮೂರು ಲೋಹವನ್ನು ಹಿಡಿಯಲು, ಒಂದು ರೋಡಿಯಂ(III) ಅನ್ನು ರೋಡಿಯಂ(I)ಕ್ಕೆ ಇಳಿಸಿ ತಾನು ಫಾಸ್ಫೀನ್ ಆಕ್ಸೈಡ್ ಆಗಲು, ಉಳಿದದ್ದು ಡೈಮರ್ (ಎರಡು ಸೇರಿ ಒಂದಾದ ಅಣು) ಆಗದಂತೆ ಕಾಯಲು. ಫಾಸ್ಫೀನನ್ನು ಹಿಂದಿನ ದಿನವೇ ಬಿಸಿ ಎಥನಾಲಿನಿಂದ ಮರುಹರಳು ಮಾಡಿಕೊಳ್ಳಿ. ಹಳೇ ಬಾಟಲಿಯಲ್ಲಿ ಆಕ್ಸೈಡ್ ಇದ್ದೇ ಇರುತ್ತದೆ.

ಫಾಸ್ಫರಸ್ ಎನ್‌ಎಂಆರ್ (ಫಾಸ್ಫರಸ್ ಯಾವ ರೂಪದಲ್ಲಿದೆ ಎಂದು ಕಾಂತಕ್ಷೇತ್ರದಲ್ಲಿ ನೋಡುವ ಪರೀಕ್ಷೆ) ತೆಗೆಸಿ. ಸರಿಯಾಗಿದ್ದರೆ 48 ಪಿಪಿಎಂ (ಎನ್‌ಎಂಆರ್ ಅಳತೆ) ಸುಮಾರಿಗೆ ಒಂದು, 31ರ ಸುಮಾರಿಗೆ ಇನ್ನೊಂದು ಗುಂಪು ಕಾಣುತ್ತದೆ, ಎರಡೂ ರೋಡಿಯಂನಿಂದ ಸೀಳಿರುತ್ತವೆ. ಮೈನಸ್ 5ರ ಬಳಿ ಒಂಟಿ ಗೆರೆ ಬಂದರೆ ಅದು ಬಿಡಿ ಫಾಸ್ಫೀನ್, 29ರ ಬಳಿ ಬಂದರೆ ಆಕ್ಸೈಡ್. ದ್ರಾವಕವನ್ನು ಡಿಗ್ಯಾಸ್ ಮಾಡದೆ (ಕರಗಿದ ಗಾಳಿ ತೆಗೆಯದೆ) ಮಾತ್ರ ತೆಗೆಸಬೇಡಿ. ಪುಡಿಯಾಗಿದ್ದಾಗ ಗಾಳಿಯನ್ನು ತಡೆದುಕೊಳ್ಳುವ ಇದು ಕರಗಿದ ಮೇಲೆ ತಡೆಯುವುದಿಲ್ಲ.

ಉತ್ತರ 2

ನನ್ನ ಅನುಮಾನ ಕ್ಯಾಟಲಿಸ್ಟ್ ಮೇಲಲ್ಲ, ನಿಮ್ಮ ಎಸ್ಟರ್ ಮೇಲೆ. ಹರಳೆಣ್ಣೆಯ ಮೀಥೈಲ್ ರಿಸಿನೋಲಿಯೇಟನ್ನು ಬಿಸಿಯಲ್ಲಿ ಒಡೆದಾಗ ಅಂಡೆಸಿನೋಯೇಟ್ ಒಂದೇ ಬರುವುದಿಲ್ಲ, ಜೊತೆಗೆ ಹೆಪ್ಟನಾಲ್ ಎಂಬ ಆಲ್ಡಿಹೈಡ್ ಕೂಡ ಬರುತ್ತದೆ. ಈ ರೋಡಿಯಂ ಆಲ್ಡಿಹೈಡ್ ಸಿಕ್ಕರೆ ಅದರ ಕಾರ್ಬೊನಿಲನ್ನೇ (ಕಾರ್ಬನ್ ಮಾನಾಕ್ಸೈಡ್ ಆಗಿ) ಕಿತ್ತು ತಾನು ಇಟ್ಟುಕೊಳ್ಳುತ್ತದೆ. ಜಪಾನಿನ ರಸಾಯನಶಾಸ್ತ್ರಜ್ಞರಾದ ಸುಜಿ ಮತ್ತು ಓನೊ 1965ರಲ್ಲೇ ಇದನ್ನು ತೋರಿಸಿದ್ದಾರೆ. ಹೆಪ್ಟನಾಲ್ ಹೆಕ್ಸೇನ್ ಆಗಿ ಹೋಗುತ್ತದೆ, ನಿಮ್ಮ ಪಾಲಿಗೆ ಉಳಿಯುವುದು ಹಳದಿ ಬಣ್ಣದ ರೋಡಿಯಂ ಕಾರ್ಬೊನಿಲ್. ಕಾರ್ಬನ್ ಮಾನಾಕ್ಸೈಡ್ ಲೋಹದ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಹೈಡ್ರೋಜನ್ ಅಣುವನ್ನು ಸೀಳುವ ಶಕ್ತಿ ಲೋಹಕ್ಕೆ ಉಳಿಯುವುದಿಲ್ಲ.

ಆದರೆ ಬರೀ ಹಳದಿ ನೋಡಿ ತೀರ್ಮಾನಿಸಬೇಡಿ, ಒಳ್ಳೆಯ ಹಳದಿಯೂ ಇದೆ. ರೋಡಿಯಂಗೆ ಎರಡು ಹೈಡ್ರೋಜನ್ ಸೇರಿ ಡೈಹೈಡ್ರೈಡ್ ಆದಾಗಲೂ ಕೆಂಪು ದ್ರಾವಣ ತಿಳಿಹಳದಿಯಾಗುತ್ತದೆ. ಆರ್ಗಾನ್ ಗುಳ್ಳೆ ಹಾಯಿಸಿ ನೋಡಿ. ಕೆಂಪು ಮರಳಿ ಬಂದರೆ ಅದು ಡೈಹೈಡ್ರೈಡ್. ಬರದಿದ್ದರೆ ಐಆರ್ (ಅವಗೆಂಪು ಬೆಳಕಿನ ಪರೀಕ್ಷೆ) ತೆಗೆಸಿ, ಸೆಂಟಿಮೀಟರಿಗೆ 1960 ಅಲೆಗಳ ಆಸುಪಾಸಿನಲ್ಲಿ ಬಲವಾದ ಪಟ್ಟಿ ಇದ್ದರೆ ಕಾರ್ಬೊನಿಲ್ಲೇ.

ನನ್ನದು ಇನ್ನೊಂದು ಕಥೆ. ಹಳೇ ಸೈಕ್ಲೋಹೆಕ್ಸೀನ್‌ನಲ್ಲಿ ಪೆರಾಕ್ಸೈಡ್ ಇತ್ತು. ಅದು ಫಾಸ್ಫೀನನ್ನು ಸುಡುತ್ತಿದೆ ಎಂದು ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ಅಷ್ಟೂ ದಿನ ಕ್ಯಾಟಲಿಸ್ಟನ್ನೇ ಮತ್ತೆ ಮತ್ತೆ ಮಾಡುತ್ತಿದ್ದೆ. ಈಗ ಆಲ್ಕೀನನ್ನು (ಜೋಡಿಬಂಧವಿರುವ ಸಂಯುಕ್ತ) ಅಲ್ಯುಮಿನಾ ಮೇಲೆ ಹಾಯಿಸದೆ ಬಳಸುವುದಿಲ್ಲ. ಅಲ್ಯುಮಿನಾ ಆಲ್ಡಿಹೈಡನ್ನು ಪೂರ್ತಿ ತಡೆಯುತ್ತದೆಂದು ಮಾತ್ರ ನಂಬಬೇಡಿ. ಹೆಪ್ಟನಾಲ್ 153 ಡಿಗ್ರಿಗೇ ಕುದಿಯುತ್ತದೆ, ಎಸ್ಟರ್ ಅದಕ್ಕಿಂತ ಬಹಳ ಮೇಲೆ. ನಿಧಾನವಾಗಿ ಬಟ್ಟಿ ಇಳಿಸಿದರೆ ಬೇರೆಯಾಗುತ್ತದೆ.

ಉತ್ತರ 3

ತಂಗಿ, ಮ್ಯಾಲಿನವ್ರು ಹೇಳಿದ್ದು ಖರೆ ಐತಿ. ನಾ ಒಂದ ಮಾತು ಕೂಡಸ್ತೀನಿ. ಶ್ಲೆಂಕ್ ಲೈನಿನ್ಯಾಗ (ಗಾಳಿ ತಾಕದಂಗ ಕೆಲಸ ಮಾಡೂ ಗಾಜಿನ ಕೊಳವಿ ಸಾಲು) ಆರ್ಗಾನ್ ಹಾಯಿಸುವಾಗ ಟ್ರ್ಯಾಪಿಗೆ (ಆವಿ ಹಿಡಿಯೂ ತಣ್ಣನ ಪಾತ್ರಿ) ದ್ರವ ಸಾರಜನಕ ಹಚ್ಚಬ್ಯಾಡ. ಸಾರಜನಕ ಕುದಿಯೂದು 77 ಕೆಲ್ವಿನ್‌ಗೆ, ಆರ್ಗಾನ್ 87ಕ್ಕ, ಆಮ್ಲಜನಕ 90ಕ್ಕ, ಅಂದ್ರ ಅವೆರಡೂ ಆ ತಂಪಿಗೆ ದ್ರವ ಆಗತಾವ. ಎಲ್ಲ್ಯರೆ ಸಣ್ಣ ಸೋರಿಕಿ ಇದ್ರ ಗಾಳಿಯೊಳಗಿನ ಆಮ್ಲಜನಕ ಅಲ್ಲೇ ದ್ರವ ಆಗಿ ಕೂಡತೈತಿ, ತಿಳಿನೀಲಿ ಕಾಣತೈತಿ. ದ್ರಾವಕದ ಜೋಡಿ ಸೇರಿದ್ರ ಸಿಡಿತೈತಿ. ನೀಲಿ ಕಂಡ್ರ ಹುಡ್ (ಹೊಗಿ ಎಳಿಯೂ ಕಪಾಟು) ಬಾಗಲಾ ಇಳಿಸಿ ಎಲ್ಲಾರನ್ನೂ ಹೊರಗ ಕಳಸು, ಲೈನ್ ಮುಚ್ಚಬ್ಯಾಡ, ತಿಳಿದವರನ್ನ ಕರಿ. ಮತ್ತ ಸೋಸಿದ ದ್ರಾವಣ ಒಂದು ಹನಿನೂ ಚೆಲ್ಲಬ್ಯಾಡ. ‘ರೋಡಿಯಂ’ ಅಂತ ಬರದ ಬಾಟಲಿ ಇಡು, ವರ್ಷಕ್ಕೊಮ್ಮೆ ಲೋಹ ತಿರುಗಿ ತಗಿಬಹುದು.

ಪ್ರಶ್ನೆ ಕೇಳಿದವರು, ಹನ್ನೊಂದು ದಿನಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಆರ್ಗಾನ್ ಹಾಯಿಸಿದರೂ ಕೆಂಪು ಮರಳಲಿಲ್ಲ. ಐಆರ್‌ನಲ್ಲಿ 1965ಕ್ಕೆ ಪಟ್ಟಿ ಬಂತು. ಎಸ್ಟರಿನ ಪ್ರೋಟಾನ್ ಎನ್‌ಎಂಆರ್ ಮತ್ತೆ ನೋಡಿದರೆ 9.8ರ ಹತ್ತಿರ ಆಲ್ಡಿಹೈಡಿನ ಪುಟ್ಟ ಗುರುತು, ಮೊದಲ ಸಲ ನಾನು ಅಲ್ಲಿಯವರೆಗೆ ಕಣ್ಣೇ ಹಾಯಿಸಿರಲಿಲ್ಲ. ಎರಡು ಸಲ ಬಟ್ಟಿ ಇಳಿಸಿದೆ. ನಿನ್ನೆ ಅದೇ ಕಿತ್ತಳೆ ಪುಡಿಯನ್ನು ಟಾಲ್ವೀನ್-ಎಥನಾಲಿನಲ್ಲಿ ಹಾಕಿದೆ. ಲೆಕ್ಕದಷ್ಟು ಹೈಡ್ರೋಜನ್ ಪೂರ್ತಿ ಹೀರಿತು, ಆರ್ಗಾನ್ ಹಾಯಿಸಿದಾಗ ಕೆಂಪೂ ಮರಳಿತು. ಬಾಟಲಿಗೆ ‘ರೋಡಿಯಂ’ ಚೀಟಿ ಅಂಟಿಸಿದ್ದೇನೆ, ಅಣ್ಣ.