ಅಪಘಾತ ಕಂಡ ಹುಡುಗ ಇನ್ನೂ ಸುಧಾರಿಸಿಲ್ಲ, ಏನು ಮಾಡಲಿ?

ಪ್ರಶ್ನೆ (ಮುಧೋಳ): ನಮ್ಮ ಅಕ್ಕನ ಮಗ, ಹತ್ತನೇ ಕ್ಲಾಸು. ಕಬ್ಬಿನ ಟ್ರೇಲರ್‌ಗೆ ಬೈಕ್ ಬಡಿದು ಜೊತೆಗಿದ್ದ ಗೆಳೆಯ ಕಣ್ಣೆದುರೇ ತೀರಿಕೊಂಡ. ಎರಡು ತಿಂಗಳಾಯ್ತು. ಈಗಲೂ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಬಂದರೆ ಸಾಕು, ತಾಟಿನಲ್ಲಿ ರೊಟ್ಟಿ ಬಿಟ್ಟು ಒಳಗೆ ಓಡುತ್ತಾನೆ, ಎದೆ ಢವಢವ, ಅಂಗೈ ತಣ್ಣಗೆ. ನಿದ್ದೆ ಇಲ್ಲ, ದಿನಾ ಹೊಟ್ಟೆನೋವು, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ. ಮನೆಯಲ್ಲಿ ನಾಟಕ ಅಂತಾರೆ.

ಉತ್ತರ 1: ಖಂಡಿತ ನಾಟಕ ಅಲ್ಲ ರೀ. ಅಪಾಯ ಇನ್ನೂ ಎದುರಿಗೇ ಇದೆ ಅಂತ ಮಿದುಳು ತಿಳಿದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನುಗಳು ಏರುತ್ತವೆ, ಎದೆಬಡಿತ, ಹೊಟ್ಟೆನೋವು, ನಿದ್ದೆಗೇಡು ಎಲ್ಲ ಅದರ ಜೊತೆಗೇ ಬರಬಹುದು. ಹದಿಹರೆಯದಲ್ಲಿ ಭಯವನ್ನು ಹಿಡಿತಕ್ಕೆ ತರುವ ಮಿದುಳಿನ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ. ತಿಂಗಳು ದಾಟಿದೆ, ಕಾಯಬೇಡಿ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಉತ್ತರ 2 (ಜಮಖಂಡಿ, ಹೈಸ್ಕೂಲ್ ಶಿಕ್ಷಕಿ): ಮಾತಾಡಿಸಲು ಬಂದವರೆಲ್ಲ "ಹೆಂಗಾತು ಹೇಳೋ ತಮ್ಮಾ" ಅಂತ ಕೇಳ್ತಾರಲ್ವಾ, ಅದನ್ನು ಮೊದಲು ನಿಲ್ಲಿಸಿ. ಅವನಾಗೇ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ.

ಪ್ರಶ್ನೆ ಕೇಳಿದವರು: ಅಕ್ಕಾರೆ, ಬೈಕ್ ಹೊಡೆದವನು ಇವನೇ ಅಂತ ಓಣಿಯವರು ಎದುರಿಗೇ ಅಂತಾರೆ.

ಉತ್ತರ 2: ಅದೇ ಜಾಸ್ತಿ ಕೊಲ್ಲುವ ಮಾತು. ಸುತ್ತಲಿನವರು ತಪ್ಪು ಹೊರಿಸಿದಷ್ಟೂ ಮಕ್ಕಳ ಚೇತರಿಕೆ ಕಷ್ಟ, ಜೊತೆ ನಿಂತಷ್ಟೂ ಸಲೀಸು. ಓಣಿಯವರಿಗೆ ಅವನ ಮಾವ ನೀವೇ ಖಡಕ್ಕಾಗಿ ಹೇಳಿ. ಕ್ಲಾಸ್ ಟೀಚರ್‌ಗೂ ವಿಷಯ ತಿಳಿಸಿ, ಮೊದಮೊದಲು ಅರ್ಧ ದಿನ ಶಾಲೆಗೆ ಹೋದರೂ ಸಾಕು, ಒಬ್ಬ ಗೆಳೆಯ ಜೊತೆಗಿರಲಿ.