ಗೋಲಿ ಸೀಸನ್ ಅಂದ ದೊಡ್ಡಪ್ಪನಿಗೆ

ದೊಡ್ಡಪ್ಪಾ, ನಮಸ್ಕಾರ. ಹಿಂದೆ ಹಾರ್ನ್ ಸದ್ದು ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಟೈಪ್ ಮಾಡುತ್ತಾ ಕೂತರೆ ಮುಗಿಯೋದಿಲ್ಲ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ಕಾಫಿ ಕುಡಿಯುತ್ತಾ ಕೇಳಿ.

ನಮ್ಮ ಪುಟ್ಟ ಡಿಗ್ರಿ ಮುಗಿಸಿ ರೀಲ್ಸ್ ಮಾಡಿಕೊಂಡೇ ಇರುತ್ತೇನೆ ಅಂದಿದ್ದಕ್ಕೆ ಬೆಳಗ್ಗೆ ನೀವು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ಮೆಸೇಜ್ ನೋಡಿದೆ. "ಇದೆಲ್ಲ ಗೋಲಿ ಸೀಸನ್ ಕಣೋ. ಟಿಕ್‌ಟಾಕ್ ಬಂತು, ಹೋಯ್ತು. ಇದೂ ಹೋಗುತ್ತೆ." ಎಲ್ಲರೂ ಒಂದೊಂದು ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನನಗೆ ಬಾಯಿ ಸುಮ್ನೆ ಇರಲ್ಲ, ನಿಮಗೆ ಗೊತ್ತಲ್ವಾ.

ಟಿಕ್‌ಟಾಕ್ ಹೋಗಿಲ್ಲ ದೊಡ್ಡಪ್ಪ. ನಮ್ಮಲ್ಲಿ ಹೋಗಿದೆ, ಅಷ್ಟೇ. ಚೀನಾ ಗಡಿಯಲ್ಲಿ ಗಾಲ್ವಾನ್ ಘರ್ಷಣೆ ಆದ ಎರಡು ವಾರಕ್ಕೆ, 2020ರ ಜೂನ್ 29ರ ಸೋಮವಾರ, ಸರ್ಕಾರ ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್‌ಗಳನ್ನು ಬ್ಯಾನ್ ಮಾಡಿತು. ಆಗ ಇಲ್ಲಿ ಟಿಕ್‌ಟಾಕ್ ನೋಡುತ್ತಿದ್ದವರು ಸುಮಾರು 20 ಕೋಟಿ ಜನ. ರಾತ್ರೋರಾತ್ರಿ ಅಷ್ಟು ಗಿರಾಕಿಗಳು ಕೈಬಿಟ್ಟರೆ ಯಾವ ಅಂಗಡಿಯಾದರೂ ಬಾಗಿಲು ಹಾಕಬೇಕು. ಆದರೆ 2021ರ ಸೆಪ್ಟೆಂಬರಿನಲ್ಲಿ ಅವರು ನಮ್ಮ ಹತ್ತಿರ ತಿಂಗಳಿಗೆ 100 ಕೋಟಿ ಜನ ಬರುತ್ತಾರೆ ಅಂತ ಹೇಳಿಕೊಂಡರು. ನಾವು ಇಲ್ಲದೆಯೇ!

ಅಂಥದ್ದು ಏನಿದೆ ಅದರಲ್ಲಿ? ನಮ್ಮ ಶ್ರೀನಗರದ ಚಿಕ್ಕಮ್ಮನನ್ನೇ ನೆನಪು ಮಾಡಿಕೊಳ್ಳಿ. 2019ರಲ್ಲಿ ಅವರು ಹೂ ಕಟ್ಟುವ ವಿಡಿಯೊ ಹಾಕುತ್ತಿದ್ದರು. ಮುಖ ತೋರಿಸುತ್ತಿರಲಿಲ್ಲ, ಮಾತಿಲ್ಲ. ಬರೀ ಎರಡು ಕೈ, ಬಾಳೆನಾರು, ಕೆ.ಆರ್. ಮಾರ್ಕೆಟ್ಟಿನಿಂದ ತಂದ ಬಿಡಿ ಮಲ್ಲಿಗೆ. 15 ಸೆಕೆಂಡ್. ಅವರ ಬೆರಳು ಎಷ್ಟು ಬೇಗ ಓಡುತ್ತದೆ ಅಂದರೆ ಗಂಟು ಬಿದ್ದಿದ್ದೇ ಕಾಣಲ್ಲ. ಮತ್ತೆ ನೋಡಬೇಕು ಅನಿಸುತ್ತೆ. ಒಂದು ವಿಡಿಯೊವನ್ನು ಎರಡು ಲಕ್ಷ ಸಲ ನೋಡಿದ್ದರು. ಚಿಕ್ಕಮ್ಮನಿಗೆ ಆಗ ಫೋನಿನಲ್ಲಿ ಪರಿಚಯ ಇದ್ದವರು ಯಾರು? ನಾವು ಇಪ್ಪತ್ತು ಜನ, ಹಾಲಿನವರು, ಗ್ಯಾಸಿನವರು!

ಗುಟ್ಟು ಇರೋದು ಅಲ್ಲೇ. ಫೇಸ್‌ಬುಕ್ ಶುರುವಿನಿಂದ ಕೇಳಿದ್ದು, ನಿನಗೆ ಯಾರು ಗೊತ್ತು ಅಂತ. ಟಿಕ್‌ಟಾಕ್ ಅದನ್ನು ಕೇಳಲೇ ಇಲ್ಲ. ಹೊಸ ವಿಡಿಯೊ ಬಂದರೆ ಮೊದಲು ಒಂದಷ್ಟು ಜನಕ್ಕೆ ತೋರಿಸಿ ನೋಡುತ್ತದೆ. ಪೂರ್ತಿ ನೋಡಿದರಾ? ಇನ್ನೊಂದು ಸಲ ನೋಡಿದರಾ? ಬೇರೆಯವರಿಗೆ ಕಳಿಸಿದರಾ? ಹೌದು ಅಂದರೆ ಇನ್ನೂ ಜಾಸ್ತಿ ಜನಕ್ಕೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ. ಹಿಂಬಾಲಕರು ಎಷ್ಟು ಅನ್ನೋದನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ ಅಂತ 2020ರಲ್ಲಿ ಕಂಪನಿಯವರೇ ಹೇಳಿದ್ದರು. ನೋಡುವವರಿಗೂ ಕೆಲಸ ಇಲ್ಲ. ಏನನ್ನೂ ಹುಡುಕಬೇಕಿಲ್ಲ, ಬೆರಳು ಎಲ್ಲಿ ನಿಂತಿತು ಅಂತ ಅದೇ ನೋಡಿಕೊಳ್ಳುತ್ತದೆ. ಇಲ್ಲಿ ನನ್ನ ಬೆಂಚಿನಲ್ಲಿ ನಾಲ್ಕು ಜನ ಇದ್ದೇವೆ. ಮೂರು ಜನದ ಹೆಬ್ಬೆರಳು ಮೇಲೆ ಹೋಗುತ್ತಲೇ ಇದೆ. ನಾಲ್ಕನೆಯವಳು ನಾನು, ಈಗ ಮಾತಾಡುತ್ತಿದ್ದೇನೆ ಅಂತ ಬಿಟ್ಟಿದ್ದೇನೆ ಅಷ್ಟೇ.

ಇದನ್ನು ಮಾಡಿದ ಬೈಟ್‌ಡಾನ್ಸ್ ಬೀಜಿಂಗ್‌ನದು, ಜಾಂಗ್ ಯಿಮಿಂಗ್ ಅನ್ನುವವರು 2012ರಲ್ಲಿ ಶುರು ಮಾಡಿದ್ದು. ಇದೇ ಲೆಕ್ಕಾಚಾರವನ್ನು ಅವರು ಮೊದಲು ಸುದ್ದಿ ಓದಿಸೋಕೆ ಬಳಸಿದರು. ಆಮೇಲೆ 2016ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ಡೌಯಿನ್ ಅಂತ ವಿಡಿಯೊ ಆ್ಯಪ್ ಬಿಟ್ಟರು, ಟಿಕ್‌ಟಾಕ್ ಅದರದೇ ಹೊರದೇಶದ ರೂಪ. ಅದೇ ತಿಂಗಳು ಇಲ್ಲಿ ಜಿಯೊ ಶುರುವಾಯಿತು, ನೆನಪಿದೆಯಾ? ಸಿಮ್‌ಗೆ ನಾವಿಬ್ಬರೂ ಗಾಂಧಿಬಜಾರಿನಲ್ಲಿ ಕ್ಯೂ ನಿಂತಿದ್ದೆವು. ಅಲ್ಲಿ ಆಟ ತಯಾರಾಗುತ್ತಿತ್ತು, ಇಲ್ಲಿ ಅದಕ್ಕೆ ಬೇಕಾದ ಅಗ್ಗದ ಡೇಟಾ. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ, ಆದರೂ ಕೂಡಿಬಂತು.

ಇನ್ನೊಂದು ವಿಷಯ, ನೀವು ಮೇಷ್ಟ್ರು ಅಂತ ಹೇಳುತ್ತೇನೆ. ಟಿಕ್‌ಟಾಕ್ ಜೊತೆ ಸೇರಿಕೊಂಡ ಮ್ಯೂಸಿಕಲಿ ಅಂತ ಒಂದಿತ್ತು, ಶಾಂಘೈಯವರದು. ಅವರು ಮೊದಲು ಮಾಡಿದ್ದು ಪಾಠ ಹೇಳುವ ಆ್ಯಪ್! ಸಣ್ಣ ಸಣ್ಣ ವಿಡಿಯೊದಲ್ಲಿ ಪಾಠ. ಯಾರೂ ಬರಲಿಲ್ಲ, ಕೈಯಲ್ಲಿದ್ದ ದುಡ್ಡೂ ಕರಗಿತು. ಉಳಿದ ಚೂರುಪಾರಿನಲ್ಲಿ ಹಾಡಿಗೆ ತುಟಿ ಅಲ್ಲಾಡಿಸೋದನ್ನು ಮಾಡಿದರು, ಅಮೆರಿಕದ ಹೈಸ್ಕೂಲ್ ಮಕ್ಕಳೆಲ್ಲ ಬಂದರು. 2017ರಲ್ಲಿ ಬೈಟ್‌ಡಾನ್ಸ್ ಕೊಂಡುಕೊಂಡಿತು. 2018ರ ಆಗಸ್ಟಿನಲ್ಲಿ ಎರಡೂ ಒಂದಾದವು. ನಿಮ್ಮ ಗಣಿತದ ವಿಡಿಯೊಗೆ ಹನ್ನೊಂದೇ ಜನ ಬಂದರು ಅಂತ ಬೇಸರ ಮಾಡಿಕೊಂಡಿದ್ದಿರಲ್ಲ, ನಿಮಗಿಂತ ಮೊದಲೇ ಆ ಪೆಟ್ಟು ತಿಂದವರು ಇದ್ದಾರೆ.

ಹಾಗಂತ ಚಿಕ್ಕ ವಿಡಿಯೊ ಆಗಿದ್ದಕ್ಕೇ ಉಳಿಯಿತು ಅಂತಲೂ ಅಲ್ಲ. ವೈನ್ ಅಂತ ಒಂದಿತ್ತು, 2013ರಲ್ಲಿ ಬಂತು, ಟ್ವಿಟರ್‌ನವರದು, ಆರೇ ಸೆಕೆಂಡ್. ಅದರಲ್ಲಿ ಹೆಸರು ಮಾಡಿದವರು ನಮಗೂ ದುಡ್ಡು ಕೊಡಿ ಅಂತ ಕೇಳಿದರು. ಕೊಡಲಿಲ್ಲ. ಎದ್ದು ಹೋದರು. 2017ರ ಹೊತ್ತಿಗೆ ವೈನ್ ಮುಗಿಯಿತು. ಅದು ನಿಮ್ಮ ಗೋಲಿ ಸೀಸನ್, ಅದನ್ನು ಒಪ್ಪುತ್ತೇನೆ.

ಆದರೆ ಗೋಲಿ ಹೋದರೆ ಬುಗುರಿ ಬರುತ್ತಿತ್ತು, ಬುಗುರಿ ಹೋದರೆ ಗಾಳಿಪಟ. ಬೀದಿಯಲ್ಲಿ ಹುಡುಗರು ಮಾತ್ರ ಅವರೇ, ಅಲ್ವಾ? ಬ್ಯಾನ್ ಆದ ಕೆಲವೇ ದಿನಕ್ಕೆ ನಮ್ಮ ಊರಿನ ಶೇರ್‌ಚಾಟ್‌ನವರು ಮೋಜ್ ಅಂತ ಇಂಥದ್ದೇ ಆ್ಯಪ್ ತಂದರು. ಡೈಲಿಹಂಟ್‌ನವರದು ಜೋಶ್, ಅದೂ ಬೆಂಗಳೂರಿನದೇ. ಚಿಂಗಾರಿ, ರೊಪೊಸೊ ಅಂತೂ ಮೊದಲೇ ಇದ್ದವು. ಆ ವರ್ಷ ಇದೇ ಊರಿನಲ್ಲಿ ಮುಂದಿನ ಟಿಕ್‌ಟಾಕ್ ಹುಟ್ಟಿಬಿಡುತ್ತದೆ ಅಂತ ನಾನೂ ನಂಬಿದ್ದೆ. ಆದರೆ ಜುಲೈ 8ಕ್ಕೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಶುರು ಮಾಡಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಎಲ್ಲರಿಗಿಂತ ಮೊದಲು ನಮ್ಮ ದೇಶದಲ್ಲೇ ಪರೀಕ್ಷೆಗೆ ಬಿಟ್ಟಿತು. ಜನ ಅಲ್ಲಿ ಮೊದಲೇ ಕೂತಿದ್ದರು, ಜಾಹೀರಾತಿನ ದುಡ್ಡೂ ಅಲ್ಲೇ ಇತ್ತು. ಹೊಸ ಹೋಟೆಲಿನ ದೋಸೆ ಚೆನ್ನಾಗಿದ್ದರೂ ಕಾಲು ದಿನಾ ಹೋಗುವ ಕಡೆಗೇ ಎಳೆಯುತ್ತದಲ್ಲ, ಹಾಗಾಯಿತು. 2022ರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ನಡೆಸುವ ಮಾರ್ಕ್ ಜುಕರ್‌ಬರ್ಗ್, ಪರಿಚಯ ಇಲ್ಲದವರ ವಿಡಿಯೊ, ಪೋಸ್ಟ್ ತೋರಿಸೋದನ್ನು ಮುಂದಿನ ವರ್ಷದ ಕೊನೆಗೆ ದುಪ್ಪಟ್ಟಿಗಿಂತ ಜಾಸ್ತಿ ಮಾಡುತ್ತೇವೆ ಅಂದರು. ಅಂದರೆ ಬ್ಯಾನ್ ಆದ ಆ್ಯಪ್‌ನ ಬುದ್ಧಿಯನ್ನೇ ಇವರೂ ಕಲಿತರು.

ಈಗ ಪುಟ್ಟನ ವಿಷಯ. ಈ ಆಟ ನಿಲ್ಲಲ್ಲ. ಆಡುವವರು ನಿಲ್ಲುತ್ತಾರಾ ಅನ್ನೋದೇ ನನಗೆ ಹೆದರಿಕೆ. ನೀವು ಗೋಲಿ ಆಡುವಾಗ ಗೆದ್ದ ಗೋಲಿ ನಿಮ್ಮ ಚಡ್ಡಿ ಜೇಬಿನಲ್ಲೇ ಇರುತ್ತಿತ್ತು. ಇಲ್ಲಿ ಗೆದ್ದ ಗೋಲಿಯೆಲ್ಲ ಅವರ ಜೇಬಿನಲ್ಲಿ. ಚಿಕ್ಕಮ್ಮನಿಗೆ ಹನ್ನೊಂದು ಸಾವಿರ ಹಿಂಬಾಲಕರಿದ್ದರು. ಬ್ಯಾನ್ ಆದ ಮೇಲೆ ಆ್ಯಪ್ ತೆರೆದರೆ ಒಂದು ನೋಟಿಸ್, ಅಷ್ಟೇ. ಲಾಕ್‌ಡೌನ್ ಬೇರೆ. ಅವರು ಎರಡು ದಿನ ಫೋನ್ ಕೆಟ್ಟಿದೆ ಅಂದುಕೊಂಡು ಆಫ್ ಮಾಡಿ ಆನ್ ಮಾಡುತ್ತಿದ್ದರು. ಆಮೇಲೆ ನಾನೇ ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆ ಮಾಡಿಕೊಟ್ಟೆ. ಮೂರು ತಿಂಗಳಿಗೆ 42 ಜನ ಬಂದರು, ಅದರಲ್ಲಿ ಅರ್ಧ ನಾವೇ. "ಇಲ್ಲಿ ನೆಂಟರಿಗೇ ತೋರಿಸೋದಾದರೆ ಮನೆಗೇ ಕರೀತೀನಿ ಬಿಡು" ಅಂದು ಬಿಟ್ಟೇಬಿಟ್ಟರು.

2025ರ ಜನವರಿ 18ರ ರಾತ್ರಿ ಅಮೆರಿಕದಲ್ಲೂ ಟಿಕ್‌ಟಾಕ್ ನಿಂತಿತ್ತು. ನ್ಯೂಜೆರ್ಸಿಯಿಂದ ನಿಮ್ಮ ಮಗಳು ಫೋನ್ ಮಾಡಿ ಗೋಳಾಡಿದಳು. ಮಾರನೇ ದಿನವೇ ಮತ್ತೆ ಬಂತು. ಚಿಕ್ಕಮ್ಮನಿಗೆ ಹೇಳಿದರೆ, "ಅವಳದು ಬಂತಲ್ಲ, ನಂದು ಐದು ವರ್ಷ ಆಗ್ತಾ ಬಂತು" ಅಂದರು. ನಕ್ಕರು, ಆದರೆ ಆ ನಗು ನನಗೆ ಸರಿ ಹೋಗಲಿಲ್ಲ.

ಹಾಗಾಗಿ ಪುಟ್ಟನಿಗೆ ಬೇಡ ಅನ್ನಬೇಡಿ ದೊಡ್ಡಪ್ಪ. ಪುಟ್ಟಾ, ನೀನೂ ಕೇಳಿಸಿಕೊಳ್ಳುತ್ತಿದ್ದೀಯಲ್ಲ? ಮಾಡಿದ ಪ್ರತಿ ವಿಡಿಯೊವನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿಡು. ಒಂದೇ ಆ್ಯಪ್‌ನಲ್ಲಿ ಕೂರಬೇಡ. ಕೆಲಸಕ್ಕೆ ಅರ್ಜಿ ಹಾಕೋದನ್ನೂ ಬಿಡಬೇಡ. ಇದು ನಿನ್ನ ದೊಡ್ಡಪ್ಪನ ಮಾತಲ್ಲ, ನನ್ನದು.

ಅಯ್ಯೋ, ನನ್ನ ಬಸ್ ಹೋಗಿಬಿಡ್ತು. ಹೋಗಲಿ. ಚಿಕ್ಕಮ್ಮಾ, ನಿಮ್ಮ ಆ ಹಳೇ ಫೋನ್ ಇನ್ನೂ ಅಲಮಾರಿನಲ್ಲಿದೆ ಅಂದಿದ್ದಿರಲ್ಲ, ಬ್ಯಾಟರಿ ಉಬ್ಬಿದೆ ಅಂತ. ಅದನ್ನು ಚಾರ್ಜ್‌ಗೆ ಹಾಕಬೇಡಿ. ಭಾನುವಾರ ಬಂದು ತೆಗೆದುಕೊಂಡು ಹೋಗುತ್ತೇನೆ. ಎಸ್‌.ಪಿ. ರೋಡಿನಲ್ಲಿ ರಿಪೇರಿಗೆ ಕೊಟ್ಟು ನೋಡೋಣ, ಗ್ಯಾಲರಿಯಲ್ಲಿ ಒಂದೆರಡು ಹೂವಿನ ವಿಡಿಯೊ ಉಳಿದಿದ್ದರೂ ಇರಬಹುದು.