ಚಿಕ್ಕ ವಿಮಾನ ನಿಲ್ದಾಣಕ್ಕೆ ಸಂಪರ್ಕ: ಹೊಸ ರೈಲು ನಿಲುಗಡೆಯೋ, ಜಂಕ್ಷನ್‌ನಿಂದ ಬಸ್ಸೋ?

ಪ್ರಶ್ನೆ: ಸಂಚಾರಿ

ಎಲ್ಲರಿಗೂ ನಮಸ್ಕಾರ. ಪ್ರಾದೇಶಿಕ ವಿಮಾನ ನಿಲ್ದಾಣವೊಂದಕ್ಕೆ ಸಾರ್ವಜನಿಕ ಸಾರಿಗೆ ಹೇಗಿರಬೇಕೆಂಬ ಕುರಿತು ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಲ್ಲಿಗೆ ದಿನಕ್ಕೆ 6 ವಿಮಾನಗಳು ಬಂದು ಹೋಗುತ್ತವೆ. ಹೆಚ್ಚಿನವು 70 ಆಸನಗಳ ಆಸುಪಾಸಿನ ಟರ್ಬೊಪ್ರಾಪ್‌ಗಳು, ಅಂದರೆ ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನಗಳು. ರೈಲು ಹಳಿಯು ಟರ್ಮಿನಲ್‌ನಿಂದ 2 ಕಿಲೋಮೀಟರ್ ದೂರದಲ್ಲಿಯೇ ಹಾದುಹೋಗುತ್ತದಾದರೂ ಅಲ್ಲಿ ನಿಲ್ದಾಣವಿಲ್ಲ. ಎಲ್ಲ ರೈಲುಗಳೂ ನಿಲ್ಲುವ ಜಂಕ್ಷನ್ 12 ಕಿಲೋಮೀಟರ್ ಆಚೆಗಿದೆ. ಹಳಿಯ ಪಕ್ಕದಲ್ಲಿ ಹೊಸ ನಿಲುಗಡೆಯೊಂದನ್ನು ಕಟ್ಟಿ ಅದಕ್ಕೆ ವಿಮಾನ ನಿಲ್ದಾಣದ ಹೆಸರಿಡಬೇಕೆಂಬುದು ಒಂದು ಪಕ್ಷದ ವಾದ. ಜಂಕ್ಷನ್‌ನಿಂದ ಟರ್ಮಿನಲ್‌ಗೆ ಬಸ್ಸು ಓಡಿಸಿದರೆ ಸಾಕೆಂಬುದು ಇನ್ನೊಂದು ಪಕ್ಷದ್ದು. ಇವೆರಡರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು? ಬಸ್ಸೇ ಆದರೆ, ಅದು ವಿಮಾನದ ಸಮಯ ನೋಡಿ ಹೊರಡಬೇಕೋ ಅಥವಾ ಗಂಟೆಗೊಂದರಂತೆ ಓಡಬೇಕೋ? ಅನುಭವವುಳ್ಳವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳಿಯ ಹಾದಿ

ನಾನು ರೈಲಿನ ಪಕ್ಷಪಾತಿ. ಆದರೂ ಈ ಪರಿಸ್ಥಿತಿಯಲ್ಲಿ ನಿಲುಗಡೆಯನ್ನು ಮೊದಲು ಕಟ್ಟಬೇಡಿ ಎಂದೇ ಹೇಳುತ್ತೇನೆ.

ಇಂಗ್ಲೆಂಡಿನ ಟೀಸೈಡ್ ವಿಮಾನ ನಿಲ್ದಾಣದ ಹೆಸರಿನಲ್ಲಿ 1971ರಲ್ಲಿ ಒಂದು ರೈಲು ನಿಲ್ದಾಣವನ್ನು ತೆರೆಯಲಾಯಿತು. ನಕ್ಷೆಯಲ್ಲಿ ನೋಡಿದರೆ ಹಳಿಯೂ ಟರ್ಮಿನಲ್ಲೂ ಪಕ್ಕಪಕ್ಕದಲ್ಲಿವೆ. ಆದರೆ ಪ್ಲಾಟ್‌ಫಾರ್ಮ್‌ನಿಂದ ಟರ್ಮಿನಲ್ ಬಾಗಿಲಿಗೆ ಸುಮಾರು 15 ನಿಮಿಷ ನಡೆಯಬೇಕಿತ್ತು. ಸಾಮಾನು ಎಳೆದುಕೊಂಡು ಅಷ್ಟು ದೂರ ನಡೆಯಲು ಜನ ಒಪ್ಪಲಿಲ್ಲ. ಜನರಿಲ್ಲವೆಂದು ರೈಲುಗಳು ಕಡಿಮೆಯಾದವು, ರೈಲುಗಳಿಲ್ಲವೆಂದು ಇದ್ದ ಜನರೂ ದೂರವಾದರು. ಕೊನೆಗೆ ವಾರಕ್ಕೊಮ್ಮೆ, ಭಾನುವಾರ ಮಾತ್ರ, ರೈಲು ನಿಲ್ಲುವ ಸ್ಥಿತಿ ಬಂತು. 2012–13ರ ಇಡೀ ವರ್ಷದ ಲೆಕ್ಕದಲ್ಲಿ ಅಲ್ಲಿ ಹತ್ತಿ ಇಳಿದವರು 8 ಮಂದಿ. 2022ರ ಮೇ ತಿಂಗಳಿನಲ್ಲಿ ಆ ಒಂದು ರೈಲೂ ನಿಂತುಹೋಯಿತು.

ಇದಕ್ಕೆ ವಿರುದ್ಧವಾದ ನಿದರ್ಶನ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್. ಅಲ್ಲಿ 1994ರಲ್ಲಿ ತೆರೆದ ನಿಲ್ದಾಣದಿಂದ ಟರ್ಮಿನಲ್‌ಗೆ ರಸ್ತೆಯ ಮೇಲಿನಿಂದ ಮುಚ್ಚಿದ ಸೇತುವೆಯಿದೆ. ಮಳೆಯಲ್ಲಿ ನೆನೆಯದೆ ರೈಲಿನಿಂದ ನೇರವಾಗಿ ಒಳಗೆ ಹೋಗಬಹುದು. ಅದಕ್ಕಿಂತ ಮುಖ್ಯವಾದುದೆಂದರೆ, ಆ ಮಾರ್ಗದಲ್ಲಿ ಗ್ಲಾಸ್ಗೋ ಮತ್ತು ಏರ್ ಪಟ್ಟಣಗಳ ನಡುವೆ ವಿಮಾನ ನಿಲ್ದಾಣ ಇರಲಿ ಇಲ್ಲದಿರಲಿ ರೈಲುಗಳು ಪದೇ ಪದೇ ಓಡುತ್ತಲೇ ಇರುತ್ತವೆ. ಅಂದರೆ ಆ ನಿಲ್ದಾಣ ಬದುಕುವುದು ವಿಮಾನದ ಜನರಿಂದ ಮಾತ್ರವಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಓಡುತ್ತಿರುವ ರೈಲನ್ನು ಒಂದು ಹೆಚ್ಚುವರಿ ಕಡೆ ನಿಲ್ಲಿಸಿದರೆ ವೇಗ ತಗ್ಗಿಸಿ, ನಿಂತು, ಮತ್ತೆ ವೇಗ ಹಿಡಿಯುವಷ್ಟರಲ್ಲಿ 3 ನಿಮಿಷ ಹೋಗುತ್ತದೆಂದು ಇಟ್ಟುಕೊಳ್ಳಿ. ರೈಲಿನಲ್ಲಿ 600 ಜನರಿದ್ದರೆ ಎಲ್ಲರ ನಷ್ಟ ಸೇರಿ 1,800 ನಿಮಿಷ, ಅಂದರೆ 30 ಗಂಟೆ. ಅಲ್ಲಿ ಇಳಿಯುವವರು 12 ಮಂದಿಯಾದರೆ, ಆ ನಷ್ಟ ಸರಿದೂಗಲು ಅವರಲ್ಲಿ ಪ್ರತಿಯೊಬ್ಬರಿಗೂ ಎರಡೂವರೆ ಗಂಟೆ ಉಳಿಯಬೇಕು. ಅಷ್ಟು ಉಳಿಯುವ ಸಾಧ್ಯತೆ ಇಲ್ಲ. ಎರಡೂ ದಿಕ್ಕಿನ ರೈಲುಗಳಿಗೆ ಒಂದೇ ಹಳಿಯಿದ್ದರೆ ಎದುರಿನಿಂದ ಬರುವ ರೈಲಿಗೆ ದಾರಿ ಬಿಡುವ ಕ್ರಾಸಿಂಗ್‌ನ ಸಮಯ ಕೂಡ ತಪ್ಪುತ್ತದೆ, ಅದರ ಪರಿಣಾಮ ಇಡೀ ಮಾರ್ಗದ ಮೇಲಾಗುತ್ತದೆ. ಎಲ್ಲ ಕಡೆಯೂ ನಿಲ್ಲುವ ಪ್ಯಾಸೆಂಜರ್ ರೈಲುಗಳು ಆ ಹಳಿಯಲ್ಲಿ ಧಾರಾಳವಾಗಿದ್ದರೆ ಮಾತ್ರ ನಿಲುಗಡೆಯ ವಿಚಾರ ಬೇರೆ.

ಉತ್ತರ: ಕೊನೆಯ ಟ್ರಿಪ್

ಮೇಲಿನವರು ಹೇಳಿದ್ದು ಸರಿಯಾಗಿದೆ. ಬಸ್ಸಿನ ಶೆಡ್ಯೂಲ್ ಹಾಕುವ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ನಾನು ಎರಡನೆಯ ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತೇನೆ.

ವಿಮಾನದ ಸಮಯಕ್ಕೆ ಬಸ್ಸನ್ನು ಕಟ್ಟಿಹಾಕುವುದು ಹೊಸತೇನಲ್ಲ. ಪ್ಯಾರಿಸ್‌ನಿಂದ ದೂರದಲ್ಲಿರುವ ಬೋವೆ ವಿಮಾನ ನಿಲ್ದಾಣದ ಬಸ್ಸುಗಳು ವಿಮಾನಗಳ ಆಗಮನ, ನಿರ್ಗಮನಗಳನ್ನು ನೋಡಿಯೇ ಹೊರಡುವ ಪದ್ಧತಿಯಲ್ಲಿ ಬೆಳೆದವು. ಆದರೆ ಅಲ್ಲಿಯ ವಿಮಾನಗಳು ದೊಡ್ಡವು. ಒಂದೊಂದರಿಂದಲೂ ಬಸ್ಸು ತುಂಬುವಷ್ಟು ಜನ ಇಳಿಯುತ್ತಾರೆ. ನಿಮ್ಮ ವಿಮಾನದಿಂದ 50 ಮಂದಿ ಇಳಿದರೆ ಅರ್ಧಕ್ಕರ್ಧ ಜನರನ್ನು ಕರೆದೊಯ್ಯಲು ಮನೆಯವರೇ ಬಂದಿರುತ್ತಾರೆ, ಉಳಿದವರಲ್ಲಿ ಅರ್ಧದಷ್ಟು ಜನ ಟ್ಯಾಕ್ಸಿ ಹಿಡಿಯುತ್ತಾರೆ. ಬಸ್ಸಿಗೆ 12 ಮಂದಿ ಸಿಕ್ಕರೆ ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ಸಂಖ್ಯೆ. ಹತ್ತುವವರು, ಇಳಿಯುವವರು ಎಲ್ಲ ಸೇರಿ ದಿನಕ್ಕೆ 150ರ ಆಸುಪಾಸು.

ಈಗ ಒಂದು ವಿಮಾನವನ್ನು ಹತ್ತಿರದಿಂದ ನೋಡಿ. ಅದು 10 ಗಂಟೆಗೆ ಇಳಿದು 10:30ಕ್ಕೆ ಮತ್ತೆ ಹಾರುತ್ತದೆ ಎನ್ನೋಣ. ಚೆಕ್-ಇನ್ ಕೌಂಟರನ್ನು 45 ನಿಮಿಷದಿಂದ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಹೊರಡುವವರನ್ನು ತರುವ ಬಸ್ಸು 9:10ರೊಳಗೆ ಟರ್ಮಿನಲ್ ಮುಂದೆ ನಿಂತಿರಬೇಕು. ಇಳಿದವರಲ್ಲಿ ಕೈಚೀಲ ಮಾತ್ರ ಇರುವವರು 10 ನಿಮಿಷದಲ್ಲಿ ಹೊರಬರುತ್ತಾರೆ. ಸಾಮಾನಿನ ಬೆಲ್ಟ್ ಮುಂದೆ ಕಾಯುವವರು ಬರುವಾಗ 10:25 ಆಗಿರುತ್ತದೆ. ಅಲ್ಲಿಯವರೆಗೆ ಬಸ್ಸು ಒಂದೂಕಾಲು ಗಂಟೆ ಸುಮ್ಮನೆ ನಿಲ್ಲಬೇಕು, ಚಾಲಕ ಮತ್ತು ನಿರ್ವಾಹಕರ ಕೆಲಸದ ಅವಧಿ ಓಡುತ್ತಲೇ ಇರುತ್ತದೆ. ವಿಮಾನ ಮುಕ್ಕಾಲು ಗಂಟೆ ತಡವಾದರೆ ಮುಂದಿನ ಟ್ರಿಪ್ಪೂ ಹಾಳು. ಹೀಗೆ ಶುರುವಾದ ಬಸ್ಸುಗಳನ್ನು ಡಿಪೊದವರು ಆರು ತಿಂಗಳಲ್ಲಿ ನಷ್ಟದ ಮಾರ್ಗವೆಂದು ತೆಗೆದುಹಾಕುವುದು ಈ ಕಾರಣಕ್ಕಾಗಿ. ಅವರನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ತೊಡಕಿದೆ, ಅದನ್ನು ಯೋಜಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಬದಲಾಗುತ್ತದೆ. ರೈಲಿನ ವೇಳಾಪಟ್ಟಿ ಬದಲಾಗುವ ದಿನ ಬೇರೆ. ಉದಾಹರಣೆಗೆ ಯುರೋಪಿನಲ್ಲಿ ಮುಖ್ಯ ಬದಲಾವಣೆ ಡಿಸೆಂಬರ್ ಮಧ್ಯದಲ್ಲಿ ಆಗುತ್ತದೆ. ಅಕ್ಟೋಬರ್‌ನಲ್ಲಿ ವಿಮಾನಕ್ಕೆ ಹೊಂದಿಸಿದ ಬಸ್ಸು ಡಿಸೆಂಬರ್‌ನಲ್ಲಿ ರೈಲಿನಿಂದ ತಪ್ಪಿಹೋಗಿ, ಕಂಬಕ್ಕೆ ಅಂಟಿಸಿದ ಹಳೆಯ ವೇಳಾಪಟ್ಟಿ ಮಾತ್ರ ಹಾಗೆಯೇ ಉಳಿಯುತ್ತದೆ. ಪ್ರಯಾಣಿಕ ಒಮ್ಮೆ ಮೋಸಹೋದರೆ ಮತ್ತೆ ಆ ಕಂಬದ ಬಳಿ ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು: ವಿಮಾನ ನಿಲ್ದಾಣಕ್ಕೆಂದೇ ಒಂದು ಬಸ್ಸು ಬೇಡ. ಜಂಕ್ಷನ್‌ನಿಂದ ಹೊರಟು, ಟರ್ಮಿನಲ್ ಬಾಗಿಲಿಗೆ ಬಂದು, ಅದರಾಚೆಗಿನ ಊರುಗಳಿಗೂ ಹೋಗುವ ಸಾಮಾನ್ಯ ಮಾರ್ಗವೊಂದನ್ನು ಗಂಟೆಗೊಂದರಂತೆ ಓಡಿಸಿ, ಜಂಕ್ಷನ್ನಿನಲ್ಲಿ ಅದನ್ನು ರೈಲಿಗೆ ಹೊಂದಿಸಿ. ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಹೋಗುವವರು ಆಸನಗಳನ್ನು ತುಂಬುತ್ತಾರೆ, ವಿಮಾನದ 12 ಮಂದಿ ಅವರ ಜೊತೆಗೆ ಸೇರುತ್ತಾರೆ. ವಿಮಾನ ತಡವಾದರೂ ಮುಂದಿನ ಬಸ್ಸು ಹೆಚ್ಚೆಂದರೆ ಒಂದು ಗಂಟೆಯೊಳಗೆ ಬರುತ್ತದೆ. ಟರ್ಮಿನಲ್‌ವರೆಗೆ ಸುತ್ತಿ ಬರುವುದರಿಂದ ಊರಿನವರಿಗೆ ನಾಲ್ಕೈದು ನಿಮಿಷ ಹೆಚ್ಚಾಗುತ್ತದೆ ಎಂಬುದು ನಿಜ. ಆದರೆ ಗಂಟೆಗೊಂದು ಬಸ್ಸು ಸಿಗುವುದಾದರೆ ಅದನ್ನು ಅವರು ಸಹಿಸಿಕೊಳ್ಳುತ್ತಾರೆಂದು ನನಗೆ ವಿಶ್ವಾಸವಿದೆ.

ಉತ್ತರ: ನೆಲದ ಸಿಬ್ಬಂದಿ

ಚರ್ಚೆಯಲ್ಲಿ ಎಲ್ಲರೂ ಪ್ರಯಾಣಿಕರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬ್ಯಾಗು ಹೊರುವವರು, ಸ್ವಚ್ಛತೆಯವರು, ಭದ್ರತಾ ಸಿಬ್ಬಂದಿ, ಕೌಂಟರಿನವರು ದಿನಕ್ಕೆ ಎರಡು ಬಾರಿ, ವರ್ಷವಿಡೀ, ಅದೇ ದಾರಿಯಲ್ಲಿ ಓಡಾಡುತ್ತಾರೆ. ಬಸ್ಸಿಗೆ ಖಾಯಂ ಗಿರಾಕಿಗಳು ಅವರೇ. ಬೆಳಗಿನ 6 ಗಂಟೆಯ ವಿಮಾನಕ್ಕೆ ನಾವು 4 ಗಂಟೆಗೆ ಅಲ್ಲಿರಬೇಕು, ಮೊದಲ ಬಸ್ಸು ಜಂಕ್ಷನ್ ಬಿಡುವುದೇ 6ಕ್ಕೆ ಆದರೆ ಎಲ್ಲರೂ ಸಾಲ ಮಾಡಿಯಾದರೂ ಬೈಕ್ ಕೊಳ್ಳುತ್ತಾರೆ. ಬೈಕ್ ಕೊಂಡವರು ಮಧ್ಯಾಹ್ನದ ಪಾಳಿಗೂ ಬಸ್ಸು ಹತ್ತುವುದಿಲ್ಲ. ದಯವಿಟ್ಟು ಪಾಳಿ ಬದಲಾಗುವ ಸಮಯವನ್ನು ವಿಚಾರಿಸಿಕೊಂಡ ಮೇಲೆ ಮೊದಲ ಮತ್ತು ಕೊನೆಯ ಬಸ್ಸನ್ನು ನಿಗದಿಪಡಿಸಿ.

ಸಂಚಾರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಬ್ಬಂದಿಯ ವಿಚಾರ ನನ್ನ ಟಿಪ್ಪಣಿಯಲ್ಲಿ ಇರಲೇ ಇಲ್ಲ, ಸೇರಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ರಾತ್ರಿಯ ಕೊನೆಯ ವಿಮಾನ ತಡವಾದರೆ ಗಂಟೆಗೊಂದು ಬಸ್ಸಿನ ನಿಯಮದಿಂದ ಉಪಯೋಗವಿಲ್ಲವಲ್ಲ? ಹಾಗೆಯೇ, ಮುಂದೆಂದಾದರೂ ವಿಮಾನಗಳು ಹೆಚ್ಚಿದರೆ ಹಳಿಯ ಪಕ್ಕದ ನಿಲುಗಡೆಯ ಯೋಚನೆಯನ್ನು ಪೂರ್ತಿ ಕೈಬಿಟ್ಟಂತಾಗುವುದಿಲ್ಲವೇ?

ಉತ್ತರ: ಕೊನೆಯ ಟ್ರಿಪ್

ದಿನದ ಕೊನೆಯ ಬಸ್ಸೊಂದನ್ನು ಮಾತ್ರ ವಿಮಾನಕ್ಕೆ ಕಟ್ಟಿಹಾಕಿ. ವಿಮಾನ ಇಳಿದು ಸಾಮಾನು ಬರುವವರೆಗೆ ಆ ಬಸ್ಸು ಹೊರಡುವಂತಿಲ್ಲ ಎಂದು ಒಪ್ಪಂದದಲ್ಲಿಯೇ ಬರೆಸಿ, ಹೆಚ್ಚುವರಿ ಕಾಯುವಿಕೆಯ ವೆಚ್ಚವನ್ನು ವಿಮಾನ ನಿಲ್ದಾಣದವರು ಭರಿಸಲಿ. ದಿನಕ್ಕೆ ಒಂದೇ ಟ್ರಿಪ್ಪಾದ್ದರಿಂದ ಅದು ದೊಡ್ಡ ಹೊರೆಯಲ್ಲ. ರಾತ್ರಿ ಸಿಕ್ಕಿಬೀಳುವ ಭಯವಿರುವವರು ಬೆಳಿಗ್ಗೆ ಹೋಗುವಾಗಲೇ ಕಾರು ತೆಗೆದುಕೊಂಡು ಹೋಗಿಬಿಡುತ್ತಾರೆ. ಆ ಒಂದು ಬಸ್ಸು ಕೈಕೊಟ್ಟರೆ ಹಗಲಿನ ಬಸ್ಸುಗಳೂ ಗಿರಾಕಿಗಳನ್ನು ಕಳೆದುಕೊಳ್ಳುತ್ತವೆ.

ಉತ್ತರ: ಹಳಿಯ ಹಾದಿ

ನಿಲುಗಡೆಯನ್ನು ಕೈಬಿಡಬೇಕಾಗಿಲ್ಲ. ನಾರ್ವೆಯ ಸಾಂಡೆಫ್ಯೂರ್ ಟಾರ್ಪ್ ವಿಮಾನ ನಿಲ್ದಾಣಕ್ಕಾಗಿ 2008ರಲ್ಲಿ ಹಳಿಯ ಪಕ್ಕ ನಿಲ್ದಾಣ ತೆರೆದಾಗ, ಅಲ್ಲಿಂದ ಟರ್ಮಿನಲ್‌ಗೆ ರೈಲಿನ ಸಮಯಕ್ಕೆ ಸರಿಯಾಗಿ ಓಡುವ ಬಸ್ಸನ್ನೂ ಒಟ್ಟಿಗೇ ಒದಗಿಸಲಾಯಿತು. ಆ ಮಾರ್ಗದಲ್ಲಿ ಆಸ್ಲೊ ಕಡೆಗೆ ನಿಯಮಿತವಾಗಿ ರೈಲುಗಳಿದ್ದುದರಿಂದ ಅದು ಸಾಧ್ಯವಾಯಿತು. ನಿಮ್ಮಲ್ಲಿ ಹೆಚ್ಚು ರೈಲುಗಳು ಬರುವವರೆಗೆ ಹಳಿಯ ಪಕ್ಕದ ಜಾಗವನ್ನೂ ಅಲ್ಲಿಂದ ಟರ್ಮಿನಲ್‌ವರೆಗಿನ ರಸ್ತೆಯ ಅಗಲವನ್ನೂ ಕಾಯ್ದಿರಿಸಿ, ಪಾರ್ಕಿಂಗ್‌ಗೋ ಗೋದಾಮಿಗೋ ಅದು ಹೋಗದಂತೆ ನೋಡಿಕೊಳ್ಳಿ. ಅಷ್ಟರಲ್ಲಿ ರೈಲು ಮತ್ತು ಬಸ್ಸು ಎರಡಕ್ಕೂ ಒಂದೇ ಟಿಕೆಟ್ ಸಿಗುವಂತೆ ಮಾಡಿ. ವಿಮಾನ ನಿಲ್ದಾಣದ ಹೆಸರು ರೈಲಿನ ಟಿಕೆಟ್ ಬುಕಿಂಗ್‌ನಲ್ಲಿ ಒಂದು ತಾಣವಾಗಿ ಕಾಣಿಸಿಕೊಳ್ಳಲಿ. ಅದಕ್ಕೆ ಕಾಂಕ್ರೀಟು ಬೇಕಾಗಿಲ್ಲ, ಎರಡು ಸಂಸ್ಥೆಗಳ ಸಹಿ ಸಾಕು.